ಹಳ್ಳದಲ್ಲಿ ಸಿಕ್ಕ ಮಂಡಿ ಪಟ್ಟಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ನಮ್ಮೂರ ಪಂಚಾಯಿತಿಯ ಬಿಲ್ ಕಲೆಕ್ಟರ್. ಊರಿನ ಪ್ರತಿ ಮನೆಯ ಕಂದಾಯ, ನೀರಿನ ಬಾಕಿ ಎಲ್ಲ ಬಾಯಿಪಾಠ ಇರುವ ಮನುಷ್ಯ.

"ಅಕ್ಕಾ, ನಿಮ್ಮ ಅಪ್ಪಯ್ಯನ ಹೆಸರಿನ ಮಂಡಿ ಪಟ್ಟಿ ಎಲ್ಲ ಹಳ್ಳದಲ್ಲಿ ಬಿದ್ದಿದಾವಲ್ಲ, ಎಂತ ಇದು?"

ನನಗೆ ಏನೂ ಅರ್ಥವಾಗಲಿಲ್ಲ. ಅಪ್ಪಯ್ಯ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅಷ್ಟರಲ್ಲಿ ವಾಟ್ಸಾಪಿಗೆ ಫೋಟೋ ಬಂತು. ಕೆಸರು ಮೆತ್ತಿದ ಹಳದಿ ಕಾಗದ. ಮೇಲೆ ಅಪ್ಪಯ್ಯನ ಹೆಸರು, ಪಕ್ಕದಲ್ಲಿ ಊರಿನ ಹೆಸರು. ಕೆಳಗೆ ಗುಮಾಸ್ತರ ಓರೆ ಅಕ್ಷರದಲ್ಲಿ ಬೆಟ್ಟೆ ಇಷ್ಟು, ರಾಶಿ ಇಷ್ಟು, ಗೊರಬಲು ಇಷ್ಟು ಅಂತ ಅಡಿಕೆಯ ಬಗೆವಾರು ಲೆಕ್ಕ. ಅಪ್ಪಯ್ಯ ಮಂಡಿಯಲ್ಲಿ ಅಡಿಕೆ ಮಾರಿದಾಗ ಕೊಡುತ್ತಿದ್ದ ಪ್ರತಿ ಪಟ್ಟಿಯನ್ನೂ ತಂತಿಗೆ ಚುಚ್ಚಿ ಇಡುತ್ತಿದ್ದರು. ಆ ತಂತಿಯೂ ಫೋಟೋದಲ್ಲಿತ್ತು.

"ಫಾರೆಸ್ಟ್ ಗಾರ್ಡ್ ನೋಡಿ ನಮಗೆ ಹೇಳಿದ್ರು. ಪಿಡಿಒ ಮೇಡಂ ನಿಮ್ಮನ್ನ ಬರ್ಲಿಕ್ಕೆ ಹೇಳಿದಾರೆ. ಮಳೆ ಬೀಳೋದ್ರೊಳಗೆ ಬಂದ್ಬಿಡಿ ಅಕ್ಕಾ."

ಮೂರು ದಿನದ ಹಿಂದೆ ನಾನೇ ನಿಂತು, ಒಂದು ಗಾಡಿಯವರಿಗೆ 3,500 ರೂಪಾಯಿ ಕೊಟ್ಟು, ಅಟ್ಟದ ಕಸವನ್ನೆಲ್ಲ ಸಾಗಿಸಿದ್ದೆ. ಅದು ಎಲ್ಲಿಗೆ ಹೋಯಿತು ಅಂತ ಆಗ ತಿಳಿಯಿತು.

ನಮ್ಮ ಮನೆ ಇರುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಮಂಡಗದ್ದೆ ದಾಟಿದ ಮೇಲೆ ಮೂರು ಕಿಲೋಮೀಟರ್ ಒಳಗೆ. ಹಂಚಿನ ಮನೆ. ನಾನು ಶಿವಮೊಗ್ಗದ ವಿನೋಬನಗರದಲ್ಲಿದ್ದೇನೆ, ಅಣ್ಣ ಬೆಂಗಳೂರಿನಲ್ಲಿ. ಅಮ್ಮ ಊರಲ್ಲಿ. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ಪಡಸಾಲೆ ಮೇಲೆ ಮೂರು ಕಡೆ ಸೋರಿತ್ತು. ಈ ಸಲ ಬೇಸಿಗೆಯಲ್ಲೇ ಹಂಚು ಇಳಿಸಿ ಅದರ ಕೆಳಗಿನ ಮರದ ರೀಪು, ಪಕಾಸಿ ಬದಲಾಯಿಸುವುದು ಅಂತ ತೀರ್ಮಾನವಾಯಿತು. ಬಡಗಿ ಬಂದು ನೋಡಿದವರೇ, "ಮೊದಲು ಅಟ್ಟ ಖಾಲಿ ಮಾಡಿ ಕೊಡಿ, ಆಮೇಲೆ ನಾವು ಹತ್ತೋದು" ಅಂದರು.

ಮಲೆನಾಡಿನ ಅಟ್ಟ ಅಂದರೆ ಗೊತ್ತಲ್ವಾ. ಬೇಕಾಗಬಹುದು ಅನ್ನಿಸಿದ್ದೆಲ್ಲ ಅಲ್ಲಿಗೆ ಏರುತ್ತದೆ, ಕೆಳಗೆ ಇಳಿಯುವುದಿಲ್ಲ. ನಮ್ಮ ಅಟ್ಟದಲ್ಲಿ ಹರಿದ ಗೋಣಿಚೀಲದ ರಾಶಿ, ಹಳೇ ಪಂಚಾಂಗಗಳು, ನಮ್ಮಿಬ್ಬರ ಶಾಲೆಯ ನೋಟ್‌ಬುಕ್ಕು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಟಿವಿ ಬಂದ ಡಬ್ಬಿ, ಅದರೊಳಗಿನ ಥರ್ಮಾಕೋಲು, ಗಾಜಿನ ಬಾಟಲಿಗಳು, ಒರಲೆ ಹಿಡಿದ ಮಂದಲಿಗೆ, ತೋಟಕ್ಕೆ ಔಷಧಿ ಹೊಡೆಯುವ ಹಳೇ ಪಂಪು. ಅಪ್ಪಯ್ಯನ ಮಾತ್ರೆ ಡಬ್ಬಿಗಳೂ ಅಲ್ಲೇ ಸೇರಿಕೊಂಡಿದ್ದವು. ಕೊನೆಯ ವರ್ಷಗಳಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿತ್ತು.

ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಗಾಡಿಯವರ ನಂಬರ್ ಪರಿಚಯದವರೊಬ್ಬರು ಕೊಟ್ಟರು. ಫೋನಿನಲ್ಲಿ "ಎಲ್ಲಾ ಸೇರಿ ಮೂರೂವರೆ ಸಾವಿರ, ಲೋಡಿಂಗ್ ನಮ್ದೇ" ಅಂದರು. ಬೇರೆ ಇಬ್ಬರು ಐದರ ಮೇಲೆ ಹೇಳಿದ್ದರಿಂದ ನನಗೆ ಇದು ಒಳ್ಳೆಯದು ಅನ್ನಿಸಿತು. ಸಣ್ಣ ಟಾಟಾ ಏಸ್, ಇಬ್ಬರು ಹುಡುಗರು. ಬಂದವರು ಚುರುಕಾಗಿದ್ದರು. ಎರಡು ಗಂಟೆಯಲ್ಲಿ ಅಟ್ಟ ಖಾಲಿ. ನಾನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಡುತ್ತಾ ಹೋದೆ, ಅವರು ಹೊರುತ್ತಾ ಹೋದರು. ಏನಿದೆ ಅಂತ ಅವರು ಕೇಳಲಿಲ್ಲ. ಎಲ್ಲಿ ಇಳಿಸುತ್ತೀರಿ ಅಂತ ನಾನೂ ಕೇಳಲಿಲ್ಲ. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ಗಾಡಿ ಹೋದ ಮೇಲೆ ಅಟ್ಟ ಗುಡಿಸಿ, ಮನಸ್ಸು ಹಗುರವಾಗಿ, ಸಂಜೆ ಬಸ್ಸಿಗೆ ಶಿವಮೊಗ್ಗಕ್ಕೆ ಬಂದೆ.

ಬಿಲ್ ಕಲೆಕ್ಟರ್ ಫೋನ್ ಇಟ್ಟ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ ಮಾತಿಗೆ ನನ್ನ ಕೈಕಾಲು ತಣ್ಣಗಾಯಿತು.

"ಅಟ್ಟದ ಮೂಲೇಲಿ ಮೈಲುತುತ್ತದ ಚೀಲ ಇತ್ತಲ್ಲೇ. ಅದನ್ನೂ ಕೊಟ್ಬಿಟ್ಯಾ?"

ಕೊಟ್ಟಿದ್ದೆ. ಅಡಿಕೆ ತೋಟ ಇಲ್ಲದವರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು, ನೀಲಿ ಹರಳು. ಸುಣ್ಣ ಸೇರಿಸಿ ಹದ ಮಾಡಿದರೆ ತೋಟಕ್ಕೆ ಮದ್ದು. ಹಾಗೇ ನೀರಿಗೆ ಬಿದ್ದರೆ ಮೀನಿಗೆ ವಿಷ. ಅಪ್ಪಯ್ಯ ಔಷಧಿ ಕಲಸಿದ ಪೀಪಾಯಿಯನ್ನು ಹಳ್ಳದ ಹತ್ತಿರ ತೊಳೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಆ ಚೀಲದಲ್ಲಿ ಇನ್ನೂ ಹತ್ತು ಕೆಜಿಯಾದರೂ ಉಳಿದಿತ್ತು, ಗಟ್ಟಿಯಾಗಿ ಕಲ್ಲಿನ ಹಾಗೆ. ನಾನು ಅದನ್ನು ಹಳೇ ಸಿಮೆಂಟು ಅಂದುಕೊಂಡಿದ್ದೆ. ಹೊರಗಿನ ಚೀಲದ ಮೇಲೆ ಒಂದು ಇಂಚು ಧೂಳು. ಬಿಚ್ಚಿ ನೋಡಲಿಲ್ಲ.

ಹೊರಗೆ ನೋಡಿದರೆ ಮೋಡ. ಕೃತ್ತಿಕೆ ಮಳೆಯ ದಿನಗಳು. ಹಿಂದಿನ ಸಂಜೆ ಶಿವಮೊಗ್ಗದಲ್ಲಿ ಗುಡುಗಿ ನಾಲ್ಕು ಹನಿ ಬಿದ್ದಿತ್ತು.

ಅವತ್ತೇ ಊರಿಗೆ ಹೊರಟೆ. ಗಾಜನೂರು ದಾಟುವಾಗ ಅಣೆಕಟ್ಟಿನ ಕಡೆ ನೋಡಿದೆ. ನೂರಾರು ಸಲ ಹೋದ ದಾರಿ. ಆದರೆ ಆ ದಿನ ನೋಡಿದ್ದು ಬೇರೆ ಥರ. ನಮ್ಮೂರ ಹಳ್ಳ ಹರಿದು ಸೇರುವುದು ತುಂಗೆಗೆ. ತುಂಗೆ ಬಂದು ನಿಲ್ಲುವುದು ಗಾಜನೂರಿನಲ್ಲಿ. ಶಿವಮೊಗ್ಗಕ್ಕೆ ಕುಡಿಯುವ ನೀರು ಬರುವುದು ಅದೇ ತುಂಗೆಯಿಂದ. ನನ್ನ ಮಗಳು ಬೆಳಿಗ್ಗೆ ಬಾಟಲಿಗೆ ತುಂಬಿಕೊಂಡು ಶಾಲೆಗೆ ಹೋಗುವ ನೀರು ಅದು. ಅಷ್ಟು ದೊಡ್ಡ ನದಿಗೆ ಹತ್ತು ಕೆಜಿ ಏನೂ ಅಲ್ಲ ಅಂತ ಯಾರಾದರೂ ಅನ್ನಬಹುದು. ಆದರೆ ನಮ್ಮ ಹಳ್ಳ ದೊಡ್ಡದಲ್ಲ. ಬೇಸಿಗೆಯಲ್ಲಿ ಅಲ್ಲಲ್ಲಿ ಗುಂಡಿಯಲ್ಲಿ ಮಾತ್ರ ನೀರು ನಿಂತಿರುತ್ತದೆ. ಉಳಿದಿರುವ ಮೀನೆಲ್ಲ ಆ ಗುಂಡಿಗಳಲ್ಲೇ ಇರುತ್ತವೆ. ದನ ಕುಡಿಯುವುದೂ ಅಲ್ಲೇ.

ಜಾಗ ಸಿಕ್ಕಿದ್ದು ಮುಖ್ಯ ರಸ್ತೆಗೆ ಸೇರುವ ಮುಂಚಿನ ಮೋರಿಯ ಹತ್ತಿರ. ಗಾಡಿ ಹಿಂದಕ್ಕೆ ತೆಗೆದು ಹಿಂಬಾಗಿಲು ಬಿಚ್ಚಿ ಹಾಗೇ ಕೆಳಗೆ ಉರುಳಿಸಿದ್ದರು. ಚಕ್ರದ ಗುರುತು ಇನ್ನೂ ಇತ್ತು. ದರೆಯ ಮೇಲಿಂದ ಕೆಳಗಿನ ತನಕ ನಮ್ಮ ಮನೆ ಚೆಲ್ಲಿತ್ತು. ನನ್ನ ಏಳನೇ ಕ್ಲಾಸಿನ ನೋಟ್‌ಬುಕ್ಕು. ಅಣ್ಣನ ಕ್ರಿಕೆಟ್ ಪ್ಯಾಡು. ಅಜ್ಜಿಯ ಕಂಬಳಿ. ಥರ್ಮಾಕೋಲು ಚೂರು ಚೂರಾಗಿ ಲಂಟಾನ ಪೊದೆಗೆಲ್ಲ ಅಂಟಿಕೊಂಡಿತ್ತು. ಬಾಟಲಿಗಳು ಕಲ್ಲಿಗೆ ಬಡಿದು ಒಡೆದಿದ್ದವು. ಅಲ್ಲಿ ದನ ಮೇಯುತ್ತವೆ. ದನ ಕಾಯುವ ಅಜ್ಜ ಚಪ್ಪಲಿ ಹಾಕುವವರಲ್ಲ. ಅವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಬಿಲ್ ಕಲೆಕ್ಟರ್, ಗಾರ್ಡ್, ಪಿಡಿಒ ಮೂವರೂ ಬಂದಿದ್ದರು. ಪಿಡಿಒ ಚಿಕ್ಕ ವಯಸ್ಸಿನವರು. ಬೈಯಲಿಲ್ಲ. "ಹಾಕಿದವರು ಯಾರೇ ಆಗ್ಲಿ ಮೇಡಂ, ಕಸ ನಿಮ್ಮನೇದು. ದಂಡ ಹಾಕಬಹುದು. ನಾಳೆ ಸಂಜೆ ಒಳಗೆ ತೆಗೆಸಿದ್ರೆ ಹಾಕಲ್ಲ" ಅಂದರು. ಆಮೇಲೆ ಮನೆಗೆ ಬಂದು ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮ ಹುಡುಕಿ ಓದಿದೆ. ಅದರಲ್ಲೂ ಹೊಣೆ ಶುರುವಾಗುತ್ತಿದ್ದದ್ದು ಕಸ ಯಾರದೋ ಅವರಿಂದಲೇ. ಹಸಿ, ಒಣ, ಅಪಾಯದ್ದು ಅಂತ ಮೂರು ಬೇರೆ ಮಾಡಬೇಕಿತ್ತು. ಬೀದಿ, ಬಯಲು, ಚರಂಡಿ, ನೀರಿಗೆ ಎಸೆಯುವ ಹಾಗಿರಲಿಲ್ಲ, ಸುಡುವ ಹಾಗಿರಲಿಲ್ಲ, ಹೂಳುವ ಹಾಗಿರಲಿಲ್ಲ. ಮಾಡಿದ ತಪ್ಪು ನನ್ನದೇ ಅಂತ ಹಳ್ಳದ ಮುಂದೆ ನಿಂತಾಗಲೇ ಗೊತ್ತಾಗಿತ್ತು, ನಿಯಮ ಓದುವ ಅಗತ್ಯ ಇರಲಿಲ್ಲ.

ಗಾಡಿಯವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಎಲ್ಲಿ ಹಾಕ್ಬೇಕು ಅಂತ ನೀವೇನ್ ಹೇಳಿರ್ಲಿಲ್ವಲ್ಲಮ್ಮ" ಅಂದರು. ಎರಡನೇ ಸಲ ಮಾಡಿದಾಗ ಸ್ವಿಚ್ ಆಫ್.

ನಾನು ದರೆ ಇಳಿದು ಚೀಲ ಹುಡುಕಿದೆ. ಮೊದಲ ಮಳೆಗೇ ಉಂಬಳ ಎದ್ದಿದ್ದವು. ಕಾಲಿಗೆ ಹತ್ತುತ್ತಿದ್ದರೂ ಅದರ ಕಡೆ ಗಮನ ಕೊಡಲಾಗಲಿಲ್ಲ. ನೀರಿನ ಗುಂಡಿಯಿಂದ ಎಂಟು ಹತ್ತು ಅಡಿ ಮೇಲೆ, ಒಂದು ಬೈನೆ ಮರದ ಬುಡಕ್ಕೆ ತಾಗಿ ನಿಂತಿತ್ತು ಆ ಚೀಲ. ಹೊರಗಿನದು ಹರಿದಿತ್ತು. ಒಳಗಿನ ದಪ್ಪ ಪ್ಲಾಸ್ಟಿಕ್ ಹರಿದಿರಲಿಲ್ಲ. ಬಾಯಿಗೆ ಅಪ್ಪಯ್ಯ ಕಟ್ಟಿದ ಬಾಳೆ ನಾರಿನ ಗಂಟು ಹಾಗೇ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಗಾರ್ಡ್ ಬಂದು ಚೀಲ ಹೊತ್ತು ಮೇಲೆ ತಂದುಕೊಟ್ಟರು. ಆ ಉಪಕಾರ ಮರೆಯುವುದಿಲ್ಲ.

ಇನ್ನೊಂದು ವಿಷಯ ಆಗ ಕಣ್ಣಿಗೆ ಬಿತ್ತು. ಔಷಧಿ ಪಂಪು ಅಲ್ಲೇ ಬಿದ್ದಿತ್ತು, ಆದರೆ ಅದರ ಹಿತ್ತಾಳೆ ನಾಜಲು, ಕೊಳವೆ ಇರಲಿಲ್ಲ. ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಅರ್ಧ ಇರಲಿಲ್ಲ. ಹಳೇ ವೈರು ಒಂದೂ ಇರಲಿಲ್ಲ. ಕಾಸು ಹುಟ್ಟುವುದನ್ನೆಲ್ಲ ಆರಿಸಿಕೊಂಡು, ಹುಟ್ಟದ್ದನ್ನು ಉರುಳಿಸಿ ಹೋಗಿದ್ದರು. ಬೇರೆಯವರಿಗಿಂತ ಒಂದೂವರೆ ಸಾವಿರ ಕಮ್ಮಿ ಹೇಗೆ ಆಯಿತು ಅನ್ನುವುದಕ್ಕೆ ಉತ್ತರ ಅಲ್ಲಿತ್ತು.

ಮರುದಿನಕ್ಕೆ ಗಾಡಿ ಬೇಕಿತ್ತು. ಈ ಸಲ ಬಿಲ್ ಕಲೆಕ್ಟರ್ ಒಂದು ಉಪಾಯ ಹೇಳಿದರು. "ಗಾಡಿಯವರ ಹತ್ರ ಗಾಡಿ ಕೇಳ್ಬೇಡಿ ಅಕ್ಕಾ. ಗುಜರಿ ಅಂಗಡೀಲಿ ಕೇಳಿ, ನಿಮ್ಮಲ್ಲಿಗೆ ಯಾವ ಗಾಡಿಯವರು ದಿನಾ ಲೋಡ್ ತರ್ತಾರೆ ಅಂತ." ಶಿವಮೊಗ್ಗದಲ್ಲಿ ನಾವು ಪೇಪರ್ ಹಾಕುವ ಗುಜರಿಯವರಿಗೆ ಫೋನ್ ಮಾಡಿದೆ. ಅವರು ಒಂದು ಬೊಲೆರೊ ಪಿಕಪ್ಪಿನವರ ನಂಬರ್ ಕೊಟ್ಟರು.

ಈ ಡ್ರೈವರಣ್ಣ ಫೋನಿನಲ್ಲಿ ರೇಟು ಹೇಳುವುದಕ್ಕೆ ಮುಂಚೆ ಹತ್ತು ನಿಮಿಷ ಪ್ರಶ್ನೆ ಕೇಳಿದರು. ಮನೆ ತನಕ ಪಿಕಪ್ ಬರುತ್ತಾ, ತಿರುಗಿಸಲು ಜಾಗ ಇದೆಯಾ. ಕಬ್ಬಿಣ ಎಷ್ಟಿದೆ. ಒಡೆದ ಗಾಜು ಇದೆಯಾ. ಡಬ್ಬಿಯಲ್ಲಿ ಪಾತ್ರೆಯಲ್ಲಿ ನೀರಿನಂಥದ್ದು ಏನಾದರೂ ಇದೆಯಾ. ಸೂಜಿ, ಇಂಜೆಕ್ಷನ್ ಇದೆಯಾ. ಸಿಮೆಂಟ್ ಶೀಟ್ ಇದೆಯಾ. ಗುಜರಿಯವರು ತಗೊಳ್ಳದ್ದನ್ನು ಎಲ್ಲಿ ಇಳಿಸುವುದು ಅಂತ ಪಂಚಾಯಿತಿಯಲ್ಲಿ ಮಾತಾಡಿದ್ದೀರಾ.

"ಚೀಲದ ಬಾಯಿ ಕಟ್ಟಿಡ್ಬೇಡಿ ಅಕ್ಕ. ನಾವ್ ನೋಡ್ಬೇಕು. ಒಳಗೆ ಎಂತ ಇದೆ ಅಂತ ಗೊತ್ತಿಲ್ದಿದ್ರೆ ಗುಜರಿಯವ್ರು ಇಳಿಸ್ಕೊಳಲ್ಲ, ಪಂಚಾಯ್ತಿಯವ್ರೂ ಇಳಿಸ್ಕೊಳಲ್ಲ. ಆಗ ಎಲ್ಲೋ ಹಳ್ಳಕ್ಕೆ ಹಾಕಿ ಹೋಗ್ತಾರೆ. ನಿಮ್ಮನೇವ್ರು ಒಬ್ರು ನಮ್ ಜೊತೆ ಗಾಡೀಲಿ ಬನ್ನಿ. ಇಳಿಸೋ ತನಕ ಇರಿ."

ಜೊತೆಯಲ್ಲಿ ಬನ್ನಿ ಅಂತ ಅವರೇ ಕರೆದರು. ಆ ಮಾತಿನಲ್ಲೇ ನನಗೆ ನಂಬಿಕೆ ಬಂತು.

ರೇಟು ಹೀಗಿತ್ತು. ಅವರೂ ಸೇರಿ ಮೂರು ಜನ, ದಿನಕ್ಕೆ ತಲೆಗೆ 900. ಊರೊಳಗಿನ ಓಡಾಟಕ್ಕೆ ಗಾಡಿ 1,000. ಶಿವಮೊಗ್ಗಕ್ಕೆ ಒಂದು ಟ್ರಿಪ್ ಅಂದರೆ 2,200. ಹಮಾಲಿ ಬೇರೆ, ಬಾಡಿಗೆ ಬೇರೆ ಅಂತ ಬಿಡಿಸಿ ಹೇಳಿದರು. ಮೊದಲು ನನಗೆ ಇದು ಜಾಸ್ತಿ ಅನ್ನಿಸುತ್ತಿತ್ತೇನೋ. ಈಗ ಅನ್ನಿಸಲಿಲ್ಲ.

ಹಳ್ಳ ಎತ್ತಲು ಬುಧವಾರ ಇಡೀ ದಿನ ಹಿಡಿಯಿತು. ಎರಡು ಗಂಟೆಯಲ್ಲಿ ತುಂಬಿದ ಲೋಡನ್ನು ಎತ್ತಲು ಐದು ಜನ ಎಂಟು ಗಂಟೆ. ಅಣ್ಣ ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದಿದ್ದ. ದೊಡ್ಡದೆಲ್ಲ ಬೇಗ ಮೇಲೆ ಬಂತು. ಉಳಿದದ್ದು ಸಣ್ಣದು. ಥರ್ಮಾಕೋಲಿನ ಕಾಳನ್ನು ಕೈಯಲ್ಲಿ ಹೆಕ್ಕಲು ಆಗುವುದಿಲ್ಲ. ಡ್ರೈವರಣ್ಣ ಮೇಲೆ ತೋಟಕ್ಕೆ ಹೋಗಿ ನಾಲ್ಕು ಅಡಿಕೆ ಹಾಳೆ ತಂದರು. ಹಾಳೆಯಲ್ಲಿ ಮಣ್ಣಿನ ಸಮೇತ ಬಾಚಿ, ಬುಟ್ಟಿಗೆ ಹಾಕಿ, ಮೇಲೆ ತಂದು ಜರಡಿ ಹಿಡಿದೆವು. ಗಾಜಿಗೂ ಅದೇ ಹಾಳೆ. ಪೊದೆಗೆ ಅಂಟಿದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರು ಅವರ ಜೊತೆಗಿದ್ದ ಒಬ್ಬ ಹುಡುಗ. ಎಲೆ ಎಲೆ ಒರೆಸುವಷ್ಟು ತಾಳ್ಮೆ. ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಅಣ್ಣನ ಕೈಗೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಅಪ್ಪಯ್ಯನ ಇನ್ಸುಲಿನ್ ಸೂಜಿಗಳು, ನೂರಕ್ಕೂ ಹೆಚ್ಚು. ಅಪ್ಪಯ್ಯ ಅವನ್ನು ಕಸಕ್ಕೆ ಹಾಕಬಾರದು ಅಂತ ಜೋಪಾನವಾಗಿ ಡಬ್ಬಿಗೆ ತುಂಬಿ ಇಟ್ಟಿದ್ದರು. ನಾನು ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿದ್ದೆ. ಮುಚ್ಚಳ ಸಡಿಲವಾಗಿ ಐದಾರು ಹೊರಗೆ ಬಿದ್ದಿದ್ದವು. ಅವೆಲ್ಲ ಸಿಗುವ ತನಕ ಯಾರನ್ನೂ ಅತ್ತ ಕಾಲಿಡಲು ಡ್ರೈವರಣ್ಣ ಬಿಡಲಿಲ್ಲ. ಇಕ್ಕಳದಲ್ಲಿ ಒಂದೊಂದೇ ಎತ್ತಿ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿದೆವು. ಆಶಾ ಕಾರ್ಯಕರ್ತೆಯನ್ನು ಕೇಳಿದ್ದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ ಅಂದರು. ಅಲ್ಲಿ ಆಸ್ಪತ್ರೆ ಸೂಜಿಗಳ ಜೊತೆ ಸೇರಿಸಿಕೊಂಡರು.

ಸಂಜೆ ನಾಲ್ಕೂವರೆಗೆ ಮಳೆ ಬಂತು. ಅಡ್ಡ ಮಳೆ, ಆಲಿಕಲ್ಲಿನ ಜೊತೆ. ನಾವು ಆಗಷ್ಟೇ ಕೊನೆಯ ಬುಟ್ಟಿ ಮೇಲೆ ತಂದಿದ್ದೆವು. ಮೋರಿಯ ಕೆಳಗೆ ಕೆಂಪು ನೀರು ಹರಿಯುವುದನ್ನು ಅಣ್ಣ, ನಾನು ಕೊಡೆ ಹಿಡಿದು ನಿಂತು ನೋಡಿದೆವು. ಕಸ ಏನೂ ತೇಲಿ ಹೋಗಲಿಲ್ಲ.

ಗುರುವಾರ ಮನೆಯಂಗಳದಲ್ಲಿ ಎಲ್ಲ ಬಿಚ್ಚಿ ಹರವಿದೆವು. ಹಳ್ಳದಿಂದ ತಂದದ್ದು ಒಂದು ಕಡೆ, ಕೊಟ್ಟಿಗೆಯಲ್ಲಿ ಉಳಿದಿದ್ದ ಸಾಮಾನು ಇನ್ನೊಂದು ಕಡೆ. ಕೊಟ್ಟಿಗೆ ಹಿಂದೆ ಹಳೇ ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಮಗುಚಿ ಬಿದ್ದಿತ್ತು. ನಾಲ್ಕು ಜನ ಹಗ್ಗ ಕಟ್ಟಿ, ಕೆಳಗೆ ಅಡಿಕೆ ಮರದ ದಬ್ಬೆ ಹಾಕಿ ಉರುಳಿಸಿ ಗಾಡಿಗೆ ಏರಿಸಿದರು. ಬಚ್ಚಲಿನ ತಾಮ್ರದ ಹಂಡೆ ಕಡೆ ಒಬ್ಬರು ಕಣ್ಣು ಹಾಯಿಸಿದಾಗ ಅಮ್ಮ "ಅದು ನಾನಿರೋ ತನಕ ಅಲ್ಲೇ" ಅಂದಳು. ಅದರ ಮಾತು ಅಲ್ಲಿಗೆ ಮುಗಿಯಿತು.

ಕೊಟ್ಟಿಗೆಯ ಒಡೆದ ಸಿಮೆಂಟ್ ಶೀಟುಗಳನ್ನು ಡ್ರೈವರಣ್ಣ ಮುಟ್ಟಲಿಲ್ಲ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕಾಯಿಲೆ ಬರುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ನಮ್ಮ ಕೊಟ್ಟಿಗೆಯ ಮೇಲಿರುವುದು ಅದೇ ಅಂತ ಯೋಚಿಸಿರಲಿಲ್ಲ. ನೀರು ಹಾಕಿ ಚೆನ್ನಾಗಿ ನೆನೆಸಿ, ಇನ್ನಷ್ಟು ಒಡೆಯದ ಹಾಗೆ ಮೂಲೆಗೆ ಜೋಡಿಸಿ, ಮೇಲೆ ಟಾರ್ಪಾಲು ಮುಚ್ಚಿದೆವು.

ಪಂಚಾಯಿತಿಯ ಕಸದ ಘಟಕ ಅಂದರೆ ಒಂದು ಶೆಡ್ಡು, ಒಳಗೆ ಗೋಡೆ ಕಟ್ಟಿದ ಕೋಣೆಗಳು, ಮುಂದೆ ಸ್ವಚ್ಛ ವಾಹಿನಿ ಗಾಡಿ. ಗಾಡಿ ಓಡಿಸುವುದು ಸ್ವಸಹಾಯ ಸಂಘದ ಹೆಂಗಸು. ನಮ್ಮ ಊರಿನವರೇ. ಇನ್ನೊಬ್ಬರು ಕೂತು ಬೇರ್ಪಡಿಸುತ್ತಿದ್ದರು. ನಾನು ಆ ಗಾಡಿಯ ಹಾಡು ಕೇಳಿದ್ದೆ, ಆ ಶೆಡ್ಡಿನ ಒಳಗೆ ಹೋಗಿದ್ದು ಅದೇ ಮೊದಲು. ಬೇರ್ಪಡಿಸುವವರ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಗಾಯದ ಕಲೆ. "ಗಾಜು, ಬ್ಲೇಡು, ಸೂಜಿ ಎಲ್ಲ ಒಂದೇ ಕವರಿಗೆ ಹಾಕಿ ಗಂಟು ಹಾಕ್ತಾರಕ್ಕ. ಬಿಚ್ಚುವಾಗ ಚುಚ್ಚತ್ತೆ" ಅಂದರು. ಬಿಸ್ಕತ್ ಡಬ್ಬಿ ಹಳ್ಳಕ್ಕೆ ಬೀಳದೆ ಇಲ್ಲಿಗೆ ಬಂದಿದ್ದರೆ ಈ ಕೈಗೇ ಸಿಗುತ್ತಿತ್ತು. ಅವರ ಕೈ ನೋಡುತ್ತಾ ನನಗೆ ಮಾತು ಹೊರಡಲಿಲ್ಲ.

ಅವರು ತಗೊಂಡದ್ದು ಹರಿದ ಬಟ್ಟೆ, ಚಪ್ಪಲಿ, ಥರ್ಮಾಕೋಲು, ಪ್ಲಾಸ್ಟಿಕ್ ಕವರುಗಳು. ಗಾಜನ್ನು ಬೇರೆ ಡ್ರಮ್ಮಿಗೆ ಹಾಕಿಸಿದರು. ಕವರುಗಳಿಗೆ ಮಣ್ಣು ಮೆತ್ತಿದ್ದರೆ ಬೇಡ ಅಂದರು. ಅಮ್ಮ, ಅತ್ತಿಗೆ ಹಿಂದಿನ ರಾತ್ರಿಯೇ ತೊಳೆದು ಹಗ್ಗದ ಮೇಲೆ ಒಣಗಿಸಿದ್ದು ಉಪಯೋಗಕ್ಕೆ ಬಂತು. 500 ರೂಪಾಯಿ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಟ್ಯೂಬ್‌ಲೈಟುಗಳನ್ನು ಒಡೆಯದ ಹಾಗೆ ರಟ್ಟಿನ ಡಬ್ಬಿಯಲ್ಲಿ ಬೇರೆ ಇಟ್ಟುಕೊಂಡರು, ಒಳಗೆ ಪಾದರಸ ಇರುತ್ತದೆ. ಹಳೇ ಇನ್ವರ್ಟರ್ ಬ್ಯಾಟರಿಯನ್ನು ಶಿವಮೊಗ್ಗದ ಬ್ಯಾಟರಿ ಅಂಗಡಿಯವರು ಹೊಸದರ ಬೆಲೆಯಲ್ಲಿ ಮುರಿದುಕೊಂಡರು.

ಅಲ್ಲಿಂದ ಶಿವಮೊಗ್ಗಕ್ಕೆ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಬಂದೆ. ದಾರಿಯುದ್ದಕ್ಕೂ ಡ್ರೈವರಣ್ಣ ಕೈ ತೋರಿಸುತ್ತಾ ಬಂದರು. ಇಲ್ಲೊಂದು ಕಟ್ಟಡದ ಮಣ್ಣು, ಅಲ್ಲೊಂದು ಕೋಳಿ ಅಂಗಡಿಯ ಚೀಲ, ತಿರುವಿನಲ್ಲಿ ಮದುವೆ ಊಟದ ತಟ್ಟೆ ಲೋಟ. ಎಲ್ಲ ನಾಲ್ಕು ಹೆಜ್ಜೆ ಕಾಡಿನೊಳಗೆ. ಬಸ್ಸಿನಿಂದ ಕಾಣುವುದಿಲ್ಲ. "ಇದ್ರಲ್ಲಿ ಒಂದಷ್ಟು ನಮ್ಮಂಥ ಗಾಡಿಯವ್ರದ್ದೇ ಅಕ್ಕ. ಮನೆಯವ್ರು ಕೇಳಲ್ಲ, ನಾವು ಹೇಳಲ್ಲ. ನಾನೂ ಮೊದ್ಲು ಹಾಕಿದೀನಿ, ಸುಳ್ ಹೇಳಲ್ಲ" ಅಂದರು. ಆಮೇಲೆ ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಬಲಗಡೆ ತುಂಗೆ ಹೊಳೆಯುತ್ತಿದ್ದಳೋ ಎಡಗಡೆಯೋ ನೆನಪಿಲ್ಲ, ಮರಗಳ ಸಂದಿಯಲ್ಲಿ ನೀರು ಕಾಣುತ್ತಲೇ ಇತ್ತು.

ಗುಜರಿ ಅಂಗಡಿಯಲ್ಲಿ ತೂಕಕ್ಕೆ ಇಡುವ ಮುಂಚೆ "ಸೊನ್ನೆ ನೋಡಿ ಅಕ್ಕ" ಅಂತ ಡ್ರೈವರಣ್ಣನೇ ಮೆಲ್ಲಗೆ ಹೇಳಿದರು. ತಕ್ಕಡಿ ಸೊನ್ನೆ ತೋರಿಸುತ್ತಿತ್ತು. ಕಬ್ಬಿಣ 140 ಕೆಜಿ, ಆ ದಿನದ ರೇಟು 26. ಡ್ರಮ್ಮೇ ಅದರಲ್ಲಿ ಮುಕ್ಕಾಲು ಪಾಲು. ಪೇಪರು ಒದ್ದೆಯಾಗಿದ್ದರಿಂದ ರೇಟು ಇಳಿಸಿ ಹತ್ತರಂತೆ 60 ಕೆಜಿ. ಗಟ್ಟಿ ಪ್ಲಾಸ್ಟಿಕ್ 38 ಕೆಜಿ, 12ರಂತೆ. ಉಳಿದಿದ್ದ ಅಲ್ಯೂಮಿನಿಯಂ ಆರೂವರೆ ಕೆಜಿ, 110ರಂತೆ. ಒಟ್ಟು 5,411 ರೂಪಾಯಿ ಕೈಗೆ ಬಂತು. ಅಪ್ಪಯ್ಯನ ಮಂಡಿ ಪಟ್ಟಿಗಳನ್ನು ಮಾತ್ರ ತೂಕಕ್ಕೆ ಹಾಕಲಿಲ್ಲ. ಒಣಗಿಸಿ ಮತ್ತೆ ತಂತಿಗೆ ಚುಚ್ಚಿ ಮನೆಗೆ ತಂದೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬೇರೆಯವರಿಗೆ ಬೇಕಾಗುತ್ತದೆ. ಎರಡು ದಿನದ ಕೂಲಿ 5,400. ಗಾಡಿ ಎರಡೂ ದಿನ ಸೇರಿ 3,200. ಪಂಚಾಯಿತಿಗೆ 500. ಮೊದಲನೆಯವರಿಗೆ ಕೊಟ್ಟ 3,500. ಗುಜರಿ ಕಾಸು ಕಳೆದರೆ ನಮ್ಮ ಕೈಯಿಂದ ಹೋದದ್ದು 7,189. ಮೊದಲ ದಿನವೇ ಚೀಲ ಬಿಚ್ಚಿ, ಬೇರೆ ಮಾಡಿ, ಇದೇ ಡ್ರೈವರಣ್ಣನನ್ನು ಕರೆದಿದ್ದರೆ ಒಂದು ದಿನದ ಕೂಲಿ, ಬಾಡಿಗೆ, ಪಂಚಾಯಿತಿ ಎಲ್ಲ ಸೇರಿ 5,400 ಆಗುತ್ತಿತ್ತು. ಗುಜರಿ ದುಡ್ಡಿನಲ್ಲೇ ತೀರಿಹೋಗುತ್ತಿತ್ತು. ಹಿತ್ತಾಳೆ, ತಾಮ್ರದ ವೈರು ನಮ್ಮಲ್ಲೇ ಇರುತ್ತಿದ್ದವು, ಪೇಪರು ಒಣಗಿರುತ್ತಿತ್ತು.

ಮೈಲುತುತ್ತದ ಕತೆ ಬಾಕಿ ಇದೆ. ಗಟ್ಟಿಯಾದದ್ದು ಹಾಳಾಗಿದೆ ಅಂದುಕೊಂಡಿದ್ದೆ. ಪಕ್ಕದ ತೋಟದ ದೊಡ್ಡಪ್ಪ ಬಂದು ಕುಟ್ಟಿ ನೋಡಿ, "ಇದಕ್ಕೆಂಥ ಆಗಿದೆ ಮಾರಾಯ್ತಿ, ರಾತ್ರಿ ನೀರಲ್ಲಿ ಹಾಕಿಟ್ರೆ ಬೆಳಿಗ್ಗೆ ಕರಗತ್ತೆ" ಅಂದರು. ಜೂನ್ ಮೊದಲ ವಾರ ಅವರ ತೋಟಕ್ಕೆ ಮೊದಲ ಔಷಧಿ ಹೊಡೆಯುವಾಗ ನಾನೂ ಇದ್ದೆ. ಪ್ಲಾಸ್ಟಿಕ್ ಪೀಪಾಯಿಯಲ್ಲಿ ತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಸೇರಿಸಿ, ಕತ್ತಿಯನ್ನು ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ಕೂತಿತು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಿದರು. ಈ ಸಲ ಕತ್ತಿ ಹಾಗೇ ಇತ್ತು. ಹದ ಬಂತು ಅಂತ ಅರ್ಥ. ಅಪ್ಪಯ್ಯ ಹೀಗೇ ಮಾಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಾಯಿತು. ಪೀಪಾಯಿ ತೊಳೆದ ನೀರನ್ನೂ ದೊಡ್ಡಪ್ಪ ತೋಟದ ಮೇಲ್ಗಡೆಗೇ ಚೆಲ್ಲಿದರು.

ಬಡಗಿಯವರು ರೀಪು ಹೊಡೆದು ಹಂಚು ಹೊದಿಸಿದ್ದಾರೆ. ಈ ಮಳೆಗಾಲ ಪಡಸಾಲೆ ಸೋರಲಿಲ್ಲ. ಜುಲೈಯಲ್ಲಿ ಊರಿಗೆ ಹೋಗುವಾಗ ಮಂಡಗದ್ದೆಯಲ್ಲಿ ಬಸ್ಸು ನಿಂತಾಗ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರು ಕಾಗೆ ಗೂಡು ಕಟ್ಟಿದ್ದವು. ಕೆಳಗೆ ತುಂಬಿದ ಹೊಳೆ.

ಒಂದು ಕೆಲಸ ಮಾತ್ರ ಮುಗಿದಿಲ್ಲ. ಹಳ್ಳದಿಂದ ತಂದದ್ದರಲ್ಲಿ ಎರಡು ಹಳೇ ಕೀಟನಾಶಕದ ಬಾಟಲಿ ಇದ್ದವು, ಅರ್ಧ ಅರ್ಧ ತುಂಬಿದವು. ಚೀಟಿ ಅಳಿಸಿಹೋಗಿದೆ. ಗುಜರಿಯವರು ಬೇಡ ಅಂದರು, ಘಟಕದವರು ಬೇಡ ಅಂದರು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ದಕ್ಕೆ ಚೆಲ್ಲಬೇಡಿ, ಸುಡಬೇಡಿ, ಬೇರೆ ಬಾಟಲಿಗೆ ಬದಲಾಯಿಸಲೂ ಬೇಡಿ, ವಿಚಾರಿಸಿ ಹೇಳುತ್ತೇವೆ ಅಂದಿದ್ದಾರೆ. ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಕೊಟ್ಟಿಗೆಯ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ್ದೇವೆ. ಕೀಲಿ ಅಮ್ಮನ ಹತ್ತಿರ ಇದೆ. ದೀಪಾವಳಿಗೆ ಹೋದಾಗ ತೆಗೆದು ನೋಡಿದೆ. ಸೋರಿಲ್ಲ.